ಮಾವ ದಾಟಿಸಿದ ಮಾತು

ಅತ್ತೆ ಸೊಸೆ ಮಾತು ಬಿಟ್ಟು ಎಂಟು ತಿಂಗಳಾಗಿತ್ತು. ಮಾತು ಬಿಟ್ಟರೆಂದು ಸಂಸಾರ ನಿಲ್ಲುತ್ತದೆಯೇ? ಉಪ್ಪು ಮುಗಿಯುತ್ತದೆ, ನಲ್ಲಿಯಲ್ಲಿ ನೀರು ಬಂದು ನಿಲ್ಲುತ್ತದೆ, ಒಣಗಲು ಹಾಕಿದ ಬಟ್ಟೆ ಗಾಳಿಗೆ ಹಾರಿ ಕೆಳಗಿನ ಮನೆಯವರ ಕಿಟಕಿಯಲ್ಲಿ ಸಿಕ್ಕಿಕೊಳ್ಳುತ್ತದೆ. ಒಬ್ಬರಿಗೆ ಗೊತ್ತಾದದ್ದನ್ನು ಇನ್ನೊಬ್ಬರಿಗೆ ಯಾರಾದರೂ ದಾಟಿಸಲೇಬೇಕು. ಆ ಕೆಲಸ ಮನೆಯ ಯಜಮಾನರ ಪಾಲಿಗೆ ಬಂದಿತ್ತು. ಮೂವತ್ತೊಂದು ವರ್ಷ ಬಸ್ಸಿನಲ್ಲಿ ಟಿಕೆಟ್ ಹರಿದು ನಿವೃತ್ತರಾದ ಅವರನ್ನು ಬೀದಿಯವರೆಲ್ಲ ಈಗಲೂ ಕಂಡಕ್ಟರು ಎಂದೇ ಕರೆಯುತ್ತಿದ್ದರು.

ಈ ಕೆಲಸದಲ್ಲಿ ಅವರು ಪಳಗಿದವರು. ಬಸ್ಸು ಮುಕ್ಕಾಲು ಗಂಟೆ ತಡವಾಗಿದ್ದರೂ "ಇನ್ನೇನು, ಐದೇ ನಿಮಿಷ" ಎಂದು ಹೇಳಿ ಹೇಳಿ ಜನರನ್ನು ಸಮಾಧಾನದಲ್ಲಿ ಇಟ್ಟವರು. ಡ್ರೈವರ್ ಬೈದದ್ದನ್ನು ಪ್ರಯಾಣಿಕರಿಗಾಗಲಿ, ಪ್ರಯಾಣಿಕರು ಬೈದದ್ದನ್ನು ಡ್ರೈವರಿಗಾಗಲಿ ಒಂದು ದಿನವೂ ಇದ್ದ ಹಾಗೆ ಮುಟ್ಟಿಸಿದವರಲ್ಲ. ಮುಳ್ಳು ಕಿತ್ತು, ಮೆತ್ತಗೆ ಮಾಡಿ, ಆಮೇಲೆ ಮಾತನ್ನು ಆಚೆಗೆ ಕೊಡುವುದು ಅವರ ಪದ್ಧತಿ. ಮನೆಯಲ್ಲೂ ಅದೇ ನಡೆಯಿತು.

"ಮಾವ, ಅತ್ತೆಗೆ ಹೇಳಿ, ನನ್ನ ಟವೆಲ್ಲಲ್ಲಿ ಒಲೆ ಒರೆಸೋದು ಬಿಡಲಿ ಅಂತ," ಎಂದು ಸೊಸೆ ಬಚ್ಚಲಿನಿಂದ ಕೂಗುತ್ತಿದ್ದಳು.

ಕಂಡಕ್ಟರು ಅಡುಗೆಮನೆಯ ಬಾಗಿಲಿಗೆ ಹೋಗಿ, "ಲೇ, ಒಲೆ ಒರೆಸೋಕೆ ನಿಂಗೆ ಹಳೇ ಬಟ್ಟೆ ಬೇಕಾ ಅಂತ ಕೇಳ್ತಿದಾಳೆ, ಪಾಪ," ಎನ್ನುತ್ತಿದ್ದರು.

"ಅವಳಿಗೆ ಹೇಳಿ, ಆ ಟವೆಲ್ಲೇನು ಅವಳ ತವರಿಂದ ಬಂದದ್ದಲ್ಲ."

ಮತ್ತೆ ಬಚ್ಚಲ ಬಾಗಿಲಿಗೆ ಬಂದು, "ಆಯ್ತಂತೆ ಕಣಮ್ಮ, ಇನ್ಮೇಲೆ ನೋಡ್ಕೊಳ್ತಾಳಂತೆ."

ಬಚ್ಚಲಲ್ಲಿ ನೀರು ಬೀಳುತ್ತಿರುತ್ತಿತ್ತು, ಅಡುಗೆಮನೆಯಲ್ಲಿ ಕುಕ್ಕರ್ ಕೂಗುತ್ತಿರುತ್ತಿತ್ತು. ಹಾಗಾಗಿ ನೇರ ಮಾತು ಕೇಳುತ್ತಿರಲಿಲ್ಲ. ಕೇಳಿಸಿದರೂ ಕೇಳಿಸದ ಹಾಗಿರುವುದು ಮಾತು ಬಿಟ್ಟವರ ಕಟ್ಟುಪಾಡು. ದಿನಕ್ಕೆ ಹತ್ತು ಸಲ ಹೀಗೆ ಓಡಾಡಿ, ಸಂಜೆ ಕಿಟಕಿಯ ಬಳಿ ಕುರ್ಚಿ ಹಾಕಿಕೊಂಡು ಕೂತಾಗ, ತಾನಿಲ್ಲದಿದ್ದರೆ ಈ ಮನೆ ಎಂದೋ ಎರಡಾಗುತ್ತಿತ್ತು ಎಂದು ಕಂಡಕ್ಟರಿಗೆ ಅನಿಸುತ್ತಿತ್ತು. ಅದು ಸುಳ್ಳೂ ಆಗಿರಲಿಲ್ಲ.

ಜಗಳ ಹುಟ್ಟಿದ್ದು ಹಾಲಿನಿಂದ. ನಾಲ್ಕು ಜನರ ಮನೆಗೆ ಅರ್ಧ ಲೀಟರ್ ಬರುತ್ತಿತ್ತು. ಸಂಜೆಯ ಚಹಾಕ್ಕೂ ಒದಗಲಿ ಎಂದು ಸೊಸೆ ಒಂದು ದಿನ ಅದಕ್ಕೆ ಒಂದು ಲೋಟ ನೀರು ಸೇರಿಸಿದಳು. ಅತ್ತೆ ಮಗನ ಲೋಟವನ್ನು ಬೆಳಕಿಗೆ ಹಿಡಿದು, "ನನ್ನ ಮಗನಿಗೆ ತೊಳೆದ ನೀರು ಕುಡಿಸ್ತೀಯೇನೇ?" ಎಂದಳು. ಸೊಸೆ, "ನಿಮ್ಮ ಮಗ ಮೂವತ್ತೆಂಟು ವರ್ಷದ ಹಸುಗೂಸು ನೋಡಿ, ಎತ್ತಿಕೊಂಡು ಕುಡಿಸಿ," ಎಂದಳು. ಅಷ್ಟೇ. ಅದರ ಹಿಂದೆ ಹನ್ನೊಂದು ವರ್ಷದ್ದು ಬೇರೆ ಇತ್ತೆನ್ನಿ. ಅಂದಿನಿಂದ ಅತ್ತೆ ಮಗನ ಹಾಲನ್ನು ಬೇರೆ ಪಾತ್ರೆಯಲ್ಲಿ ಕಾಯಿಸತೊಡಗಿದಳು. ಆ ಪಾತ್ರೆಯನ್ನು ಸೊಸೆ ತೊಳೆಯುತ್ತಲೂ ಇರಲಿಲ್ಲ.

ಹಸುಗೂಸು ಕೆಲಸ ಮಾಡುತ್ತಿದ್ದದ್ದು ಪೆಟ್ಟಿಗೆ ಒಡೆಯುವ ಅಂಗಳದಲ್ಲಿ. ಯಂತ್ರಗಳು ತುಂಬಿ ಬಂದ ದೊಡ್ಡ ಮರದ ಪೆಟ್ಟಿಗೆಗಳನ್ನು ಸನ್ನೆಕೋಲಿನಿಂದ ಬಿಚ್ಚಿ, ಮೊಳೆ ಕಿತ್ತು, ಹಲಗೆಗಳನ್ನು ಅಳತೆವಾರು ಜೋಡಿಸುವ ಕೆಲಸ. ಕಾಲಿಗೆ ರಬ್ಬರ್ ತಳದ ಕ್ಯಾನ್ವಾಸ್ ಬೂಟು. ಒಂದು ದಿನ ಹಲಗೆಯಿಂದ ಹಿಂದಕ್ಕೆ ಹೆಜ್ಜೆಯಿಟ್ಟಾಗ ನಾಲ್ಕು ಅಂಗುಲದ ಮೊಳೆ ಬೂಟನ್ನು ತೂರಿ ಹಿಮ್ಮಡಿಗೆ ಹೊಕ್ಕಿತು. ಕಿತ್ತು ಹಾಕಿ, ಧನುರ್ವಾಯುವಿನ ಚುಚ್ಚುಮದ್ದು ಹಾಕಿಸಿಕೊಂಡು, ಮರುದಿನ ಕೆಲಸಕ್ಕೂ ಹೋದ. ಹದಿನೈದು ದಿನಕ್ಕೆ ಹಿಮ್ಮಡಿ ಊದಿ ಕುಂಬಳಕಾಯಿಯಾಯಿತು.

ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಎಕ್ಸ್‌ರೇ ಹಿಡಿದು ವಿವರಿಸಿದ್ದಳು. ಬೆವರಿ ಒದ್ದೆಯಾದ ಬೂಟಿನ ತಳದ ಸ್ಪಂಜಿನಲ್ಲಿ ಒಂದು ಜಾತಿಯ ಬ್ಯಾಕ್ಟೀರಿಯಾ ಮನೆ ಮಾಡಿಕೊಂಡಿರುತ್ತದೆ. ಮೊಳೆ ಅದನ್ನು ಒಯ್ದು ನೇರವಾಗಿ ಮೂಳೆಯಲ್ಲಿ ನೆಟ್ಟಿದೆ. ಮೂಳೆಯಲ್ಲಿ ರಕ್ತದ ಓಡಾಟ ಕಡಿಮೆ, ಔಷಧಿ ತಲುಪುವುದು ನಿಧಾನ. ಹಿಮ್ಮಡಿ ಕೊಯ್ದು ಕೆಟ್ಟದ್ದನ್ನು ಕೆರೆದು ತೆಗೆದರು, ಹನ್ನೆರಡು ದಿನ ರಕ್ತನಾಳಕ್ಕೆ ಔಷಧಿ ಕೊಟ್ಟರು. ಆಮೇಲೆ ಮನೆಯಲ್ಲಿ ಆರು ವಾರ ಮಾತ್ರೆ. "ಈ ಬ್ಯಾಕ್ಟೀರಿಯಾಗೆ ಬಾಯಲ್ಲಿ ಕೊಡಬಹುದಾದ ಔಷಧಿ ಇದೊಂದೇ ಜಾತಿ ಇರೋದು," ಎಂದು ಡಾಕ್ಟರಮ್ಮ ಹೇಳಿದ್ದಳು. "ಇದನ್ನ ಹಾಳು ಮಾಡ್ಕೋಬೇಡಿ."

ಮನೆಗೆ ಕರೆತಂದ ದಿನ ಸೊಸೆ ಮಹಡಿ ಹತ್ತಲಿಲ್ಲ. ಅವಳು ದೊಡ್ಡ ಲಾಂಡ್ರಿಯೊಂದರಲ್ಲಿ ಹೋಟೆಲಿನ ಹಾಸಿಗೆ ಬಟ್ಟೆಗಳಿಗೆ ಇಸ್ತ್ರಿ ಹಾಕುವವಳು. ಗಂಡ ಮಲಗಿದಂದಿನಿಂದ ಎರಡು ಪಾಳಿ ಹಿಡಿದು, ವಾರದ ರಜೆಯನ್ನೂ ಬಿಟ್ಟಿದ್ದಳು. ಬೆಳಿಗ್ಗೆ ಏಳಕ್ಕೆ ಹೋದರೆ ಬರುವುದು ರಾತ್ರಿ ಒಂಬತ್ತಕ್ಕೆ. ಆಟೋದಿಂದ ಗಂಡನನ್ನು ಇಳಿಸಿ, ಪಕ್ಕದ ಅಂಗಡಿಯವನ ಹೆಗಲಿಗೆ ಒಪ್ಪಿಸಿ, ಮಾವನನ್ನು ಮೆಟ್ಟಿಲ ಬುಡದಲ್ಲಿ ನಿಲ್ಲಿಸಿಕೊಂಡಳು.

"ಮಾವ, ಸರಿಯಾಗಿ ಕೇಳಿಸ್ಕೊಳ್ಳಿ. ಬೆಳಿಗ್ಗೆ ಎಂಟು, ರಾತ್ರಿ ಎಂಟು. ಬರೀ ನೀರಲ್ಲಿ, ಲೋಟದ ತುಂಬ. ಮಾತ್ರೆಗೆ ಮುಂಚೆ ಆರು ಗಂಟೆ, ಆದ ಮೇಲೆ ಎರಡು ಗಂಟೆ ಹಾಲು, ಮೊಸರು, ಕ್ಯಾಲ್ಸಿಯಂ, ಕಬ್ಬಿಣದ ಮಾತ್ರೆ, ಎದೆಯುರಿ ಟಾನಿಕ್ಕು ಒಂದೂ ಬಾಯಿಗೆ ಹೋಗ್ಬಾರದು. ಔಷಧಿ ಅಂಗಡಿಯವರು ಎರಡು ಸಲ ಹೇಳಿದ್ರು. ನೋವು ಹೋಯ್ತು ಅಂತ ನಡುವೆ ನಿಲ್ಲಿಸೋ ಹಾಗಿಲ್ಲ. ಇವರಿಗೆ ಹೇಳಿ ಪ್ರಯೋಜನ ಇಲ್ಲ, ಅಮ್ಮ ಕೊಟ್ಟದ್ದನ್ನ ಕುಡೀತಾರೆ. ಅತ್ತೆಗೆ ಹೇಳಿ."

"ಹೇಳ್ತೀನಿ, ನೀ ಹೋಗಮ್ಮ, ಹೊತ್ತಾಯ್ತು."

ಅವಳು ಎರಡು ಹೆಜ್ಜೆ ಹೋಗಿ ತಿರುಗಿದಳು. "ಇದ್ದ ಹಾಗೇ ಹೇಳಿ ಮಾವ. ನನ್ನ ಮಾತು ಅನ್ಬೇಡಿ, ಆಸ್ಪತ್ರೆ ಮಾತು ಅನ್ನಿ."

ಕಂಡಕ್ಟರು ಮೆಟ್ಟಿಲು ಹತ್ತಿದರು. ಇಪ್ಪತ್ತೆರಡು ಮೆಟ್ಟಿಲು. ಎಂಟು, ಎಂಟು, ಆರು, ಎರಡು ಎಂದು ಬಾಯಲ್ಲಿ ಹೇಳಿಕೊಳ್ಳುತ್ತಲೇ ಹತ್ತಿದರು. ಮರೆಯುವ ಮನುಷ್ಯನಲ್ಲ, ಐವತ್ತಾರು ನಿಲ್ದಾಣಗಳ ದರ ಬಾಯಿಪಾಠ ಇದ್ದವರು. ಮೇಲೆ ಹೋಗಿ ನೋಡಿದರೆ ಹೆಂಡತಿ ಆಗಲೇ ಒಲೆಯ ಮುಂದೆ ನಿಂತಿದ್ದಳು. ಮಗನ ಪಾತ್ರೆಯಲ್ಲಿ ಹಾಲು ಅಂಚಿನವರೆಗೆ ಉಕ್ಕಿ, ಕೆನೆ ಕಟ್ಟುತ್ತಿತ್ತು.

"ಬಂದ್ರಾ? ನೋಡಿ, ಇವತ್ತಿಂದ ಇನ್ನೂ ಅರ್ಧ ಲೀಟರ್ ಹೇಳಿದೀನಿ. ಮೂಳೆ ಕಾಯಿಲೆ ಅಂದ ಮೇಲೆ ಮೂಳೆಗೆ ಬೇಕಾದ್ದು ಕೊಡಬೇಕಾ ಬೇಡವಾ? ನನ್ನ ಗುಂಡಿ ದುಡ್ಡಲ್ಲೇ ತರಿಸ್ತೀನಿ, ಯಾರೂ ಮುಖ ಗಂಟು ಹಾಕ್ಕೋಬೇಕಾಗಿಲ್ಲ." ಆಕೆ ಅಂಗಿ ಕಾರ್ಖಾನೆಯಿಂದ ಮೂಟೆಗಟ್ಟಲೆ ಅಂಗಿ ತರಿಸಿ ಮನೆಯಲ್ಲೇ ಗುಂಡಿ ಹಾಕಿ ಕೊಡುತ್ತಿದ್ದಳು. ಆಮೇಲೆ ದನಿ ತಗ್ಗಿಸಿ, "ಅವಳಿಗೂ ತಟ್ಟೇಲಿ ಊಟ ಮುಚ್ಚಿಟ್ಟಿದೀನಿ. ಎರಡು ಪಾಳಿ ದುಡಿದು ಸಾಯ್ತಿದಾಳೆ," ಎಂದಳು.

ಎಂಟು ತಿಂಗಳಲ್ಲಿ ಹೆಂಡತಿಯ ಬಾಯಿಂದ ಸೊಸೆಯ ಪರವಾಗಿ ಬಂದ ಮೊದಲ ಮಾತು ಅದು. ಈ ಗಳಿಗೆಯಲ್ಲಿ, "ಹಾಲು ಕೊಡಬೇಡವಂತೆ, ನಿನ್ನ ಸೊಸೆ ಹೇಳಿ ಕಳಿಸಿದಾಳೆ," ಎಂದರೆ? ಯಾರ ಮಾತು ಅಂತ ಹೇಳಿದರೂ ಅವಳಿಗೆ ಕೇಳಿಸುವುದು ಒಂದೇ. ಮುಚ್ಚಿಟ್ಟ ತಟ್ಟೆ ಮೋರಿಗೆ ಹೋಗುತ್ತದೆ. ಕಂಡಕ್ಟರು ಕೊಡೆಯನ್ನು ಮೂಲೆಗೆ ಒರಗಿಸಿದರು. ಗಂಟಲು ಸರಿ ಮಾಡಿಕೊಂಡರು.

"ಮಾತ್ರೆ ಬೆಳಿಗ್ಗೆ ಎಂಟು, ರಾತ್ರಿ ಎಂಟು. ತಪ್ಪಿಸೋ ಹಾಗಿಲ್ಲ. ಹಾಲು... ಹಾಲು ಸ್ವಲ್ಪ ನೋಡ್ಕೊಂಡು ಕೊಡು ಅಂದ್ರು."

"ಯಾರು?"

"ಆಸ್ಪತ್ರೆಯವರು."

"ನೋಡ್ಕೊಂಡು ಅಂದ್ರೆ? ಎಷ್ಟು?"

"ಒಂದು ಲೋಟ ಸಾಕಂತೆ."

ಒಂದು ಲೋಟ ಎನ್ನುವುದು ಅವರ ಬಾಯಿಂದ ಹೇಗೆ ಬಂತೋ ಅವರಿಗೇ ಗೊತ್ತಾಗಲಿಲ್ಲ. ಹೆಂಡತಿ ತಲೆಯಾಡಿಸಿ, "ಅಷ್ಟೇ ತಾನೆ, ಒಂದು ಹೊತ್ತಿಗೆ ಒಂದೇ ಲೋಟ," ಎಂದಳು. ಅಂದು ರಾತ್ರಿ ಸೊಸೆ ಬಂದು ಮುಚ್ಚಿಟ್ಟ ತಟ್ಟೆ ತೆರೆದು ಉಂಡಳು, ತೊಳೆದು ಬೋರಲು ಹಾಕಿದಳು. ತಟ್ಟೆಯ ಪಕ್ಕದಲ್ಲಿದ್ದ ಮಗನ ಹಾಲಿನ ಪಾತ್ರೆಯನ್ನೂ ತೊಳೆದಳು. ಕಂಡಕ್ಟರು ಅದನ್ನು ನೋಡಿ ನೆಮ್ಮದಿಯಿಂದ ಮಲಗಿದರು.

ಮಾತ್ರೆಯ ಪೊಟ್ಟಣದೊಳಗೆ ಇರುವೆಯಂಥ ಅಕ್ಷರದ ಉದ್ದನೆಯ ಕಾಗದವೊಂದು ಮಡಚಿಟ್ಟು ಬಂದಿತ್ತು. ಹೆಂಡತಿ ಅದನ್ನು ಇನ್ನೂ ಎರಡು ಮಡಿಕೆ ಮಾಡಿ, ಕುಂಟುತ್ತಿದ್ದ ಮೇಜಿನ ಕಾಲಿನಡಿ ಇಟ್ಟಳು. ಮೇಜು ಅಲುಗುವುದು ನಿಂತಿತು.

ದಿನಗಳು ಒಂದೇ ಅಚ್ಚಿನಲ್ಲಿ ಹೋದವು. ಬೆಳಿಗ್ಗೆ ಏಳಕ್ಕೆ ಸೊಸೆ ಮೆಟ್ಟಿಲಿಳಿಯುವಾಗ, "ಮಾವ, ಅತ್ತೆಗೆ ಹೇಳಿದ್ರಿ ತಾನೆ?" ಎನ್ನುವಳು. "ಹೇಳ್ದೆ ಹೇಳ್ದೆ," ಎನ್ನುವರು ಕಂಡಕ್ಟರು. ಎಂಟಕ್ಕೆ ಅಡುಗೆಮನೆಯಿಂದ ಕುಟ್ಟುವ ಸದ್ದು. ಮಗನಿಗೆ ಚಿಕ್ಕಂದಿನಿಂದ ಮಾತ್ರೆ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ತಾಯಿ ಕುಟ್ಟಿ ಪುಡಿ ಮಾಡಿ, ಹಾಲಿಗೆ ಹಾಕಿ, ಎರಡು ಚಮಚ ಸಕ್ಕರೆ ಸುರಿದು, ಬೆರಳಲ್ಲಿ ಕಲಸಿ ತರುತ್ತಿದ್ದಳು.

"ಅಮ್ಮ, ವಿಷದ ಥರ ಕಹಿ."

"ಕುಡಿ, ಕುಡಿ. ಕಹಿ ಇದ್ದರೇ ಕೆಲಸ ಮಾಡೋದು. ತಳದಲ್ಲಿ ಬಿಡಬೇಡ, ಪುಡಿ ಎಲ್ಲ ಅಲ್ಲೇ ಕೂತಿರುತ್ತೆ."

ಕಂಡಕ್ಟರು ಕಿಟಕಿಯ ಬಳಿಯ ಕುರ್ಚಿಯಿಂದ ಇದನ್ನು ದಿನಾ ನೋಡುತ್ತಿದ್ದರು. ಮೊದಲ ಎರಡು ದಿನ ಕುರ್ಚಿಯಿಂದ ಅರ್ಧ ಎದ್ದು ಮತ್ತೆ ಕೂತರು. ಒಂದು ಲೋಟ ತಾನೆ ಎಂದುಕೊಂಡರು. ಔಷಧಿ ಅಂಗಡಿಯವರು ಎಲ್ಲದಕ್ಕೂ ಹೆದರಿಸುತ್ತಾರೆ ಎಂದುಕೊಂಡರು. ಮೂರನೆಯ ದಿನ ಏಳಲೂ ಇಲ್ಲ. ಕುಟ್ಟುವ ಸದ್ದು ಒಂದು ಮಾತ್ರೆಗೆ ಆಗುವುದಕ್ಕಿಂತ ಹೆಚ್ಚು ಹೊತ್ತು ನಡೆಯುತ್ತದೆ ಎಂಬುದು ಕಿವಿಗೆ ಬಿದ್ದಿತ್ತು, ತಲೆಗೆ ಹೋಗಿರಲಿಲ್ಲ. ಹೆಂಡತಿ ಈಚೆಗೆ ಗೋಡೆ ಹಿಡಿದು ನಡೆಯುತ್ತಿದ್ದಳು. ಮಂಡಿ ನೋವಿಗೆ ಚಿಕಿತ್ಸಾಲಯದವರು ಕೊಟ್ಟ ಮಾತ್ರೆ ತಿನ್ನುತ್ತಿಲ್ಲವೇನೇ ಎಂದು ಒಮ್ಮೆ ಕೇಳಿದರು. "ನನ್ನ ಮಂಡಿಗೇನು, ಎಲ್ಲಿಗೆ ಓಡಬೇಕಾಗಿದೆ," ಎಂದಳು.

ಮೂರನೆಯ ವಾರ ಮಗ ಸಂಜೆ ಹೊತ್ತು ನಡುಗತೊಡಗಿದ. ಹೊದ್ದದ್ದು ಸಾಲದೆ ಗುಂಡಿ ಹಾಕಿದ ಅಂಗಿಗಳ ಮೂಟೆಯನ್ನೇ ಕಾಲ ಮೇಲೆ ಎಳೆದುಕೊಂಡ. ತೋರಿಸುವ ದಿನ ಬಂದಾಗ ಸೊಸೆಗೆ ಪಾಳಿ ತಪ್ಪಿಸಲಾಗಲಿಲ್ಲ, ಕಂಡಕ್ಟರೇ ಜೊತೆಗೆ ಹೋದರು. ಡಾಕ್ಟರಮ್ಮನ ಬಾಗಿಲಾಚೆ ಬೆಂಚು ತುಂಬಿ, ಗೋಡೆಗೆ ಒರಗಿ, ನೆಲದ ಮೇಲೆ ಕೂತು ನಲವತ್ತು ಜನ.

"ಮಾತ್ರೆ ಒಂದೂ ತಪ್ಪಿಸಿಲ್ಲ ತಾನೆ?"

"ಒಂದೂ ಇಲ್ಲ. ಗಡಿಯಾರ ಇಟ್ಟ ಹಾಗೆ," ಎಂದರು ಕಂಡಕ್ಟರು.

"ಜ್ವರ?"

ಮಗ ಬಾಯಿ ತೆರೆಯುವ ಮುಂಚೆ ಕಂಡಕ್ಟರು ಹೇಳಿಬಿಟ್ಟರು. "ಸಂಜೆ ಸ್ವಲ್ಪ ಮೈ ಬೆಚ್ಚಗಾಗುತ್ತೆ ಅಷ್ಟೆ ಡಾಕ್ಟ್ರೇ. ಪರವಾಗಿಲ್ಲ."

ಮಗ ತಂದೆಯ ಕಡೆ ನೋಡಿದ. ಮತ್ತೆ ಆಸ್ಪತ್ರೆಗೆ ಸೇರಿಸಿಕೊಂಡರೆ ಎಂಬ ಹೆದರಿಕೆ ಅವನಿಗೂ ಇತ್ತು. ಹೌದೆಂದು ತಲೆಯಾಡಿಸಿದ. ಡಾಕ್ಟರಮ್ಮ ಗಾಯದಿಂದ ಹತ್ತಿಯ ಕಡ್ಡಿಯಲ್ಲಿ ಕೀವು ತೆಗೆದು ಪರೀಕ್ಷೆಗೆ ಕಳಿಸಿ, "ನನಗೆ ಇದು ಇಷ್ಟ ಆಗ್ತಿಲ್ಲ. ವಾರ ಬಿಟ್ಟು ಬನ್ನಿ. ನಡುಕ ಬಂದ್ರೆ ವಾರ ಕಾಯಬೇಡಿ, ಅವತ್ತೇ ಬನ್ನಿ," ಎಂದಳು.

ಮನೆಯಲ್ಲಿ ಹೆಂಡತಿ ಕೇಳಿದಾಗ ಕಂಡಕ್ಟರು ಹೇಳಿದ್ದು: "ನಿಧಾನಕ್ಕೆ ವಾಸಿ ಆಗುತ್ತಂತೆ." ರಾತ್ರಿ ಸೊಸೆ ಕೇಳಿದಾಗ ಹೇಳಿದ್ದು: "ಮುಂದಿನ ವಾರ ಬರೋಕೆ ಹೇಳಿದಾರಮ್ಮ, ಎಲ್ಲ ಸರಿ ಇದೆ."

ಸೊಸೆಗೆ ಸರಿ ಅನ್ನಿಸಲಿಲ್ಲ. ಮರುದಿನ ಹೊರಡುವ ಮುಂಚೆ ಮಾತ್ರೆಯ ಹಾಳೆಗಳನ್ನು ಹಾಸಿಗೆಯ ಮೇಲೆ ಹರಡಿ ಖಾಲಿ ಗುಳಿಗಳನ್ನು ಎಣಿಸಿದಳು. ಎಣಿಕೆ ಸರಿಯಾಗಿತ್ತು. ಅತ್ತೆ ಬಾಗಿಲಲ್ಲಿ ನಿಂತು ನೋಡಿದಳು.

"ರೀ, ಕೇಳಿ ಅವಳನ್ನ. ನನ್ನ ಮಗನ ಮಾತ್ರೆ ನಾನು ಕದ್ದು ತಿಂತೀನಾ ಅಂತ."

"ಮಾವ, ಹೇಳಿ. ಯಾರನ್ನೂ ಕಳ್ಳಿ ಅಂದಿಲ್ಲ. ಇಷ್ಟೆಲ್ಲ ಹೊಟ್ಟೆಗೆ ಹೋಗಿದ್ರೆ ಕಾಲು ಯಾಕೆ ಇನ್ನೂ ಹಂಗೇ ಇದೆ ಅಂತ ನೋಡ್ದೆ."

"ಆ ಆಸ್ಪತ್ರೆಯವರು ಸುಣ್ಣದ ಉಂಡೆ ಕೊಟ್ಟಿದ್ರೆ ಅದಕ್ಕೆ ನಾನು ಹೊಣೆನಾ? ಕೇಳಿ."

"ಇಬ್ಬರೂ ಒಂದೇ ಹೇಳ್ತಿದೀರಲ್ಲ," ಎಂದರು ಕಂಡಕ್ಟರು ನಗಲು ನೋಡುತ್ತಾ. "ಕಾಲು ಬೇಗ ವಾಸಿ ಆಗ್ಲಿ ಅಂತ. ನಡೀರಿ ನಡೀರಿ, ರೈಟ್!"

ಯಾರೂ ನಗಲಿಲ್ಲ. ಒಳಗಿನಿಂದ ಮಗ, "ನಾನು ಸತ್ತ ಮೇಲೆ ಎಣಿಸ್ಕೊಳ್ರೇ ಇಬ್ಬರೂ," ಎಂದ.

ವಾರ ತುಂಬಲು ಎರಡು ದಿನ ಇರುವಾಗ ಲಾಂಡ್ರಿಯ ಬಾಯ್ಲರ್ ಕೆಟ್ಟು ಸೊಸೆ ಮಧ್ಯಾಹ್ನಕ್ಕೇ ಮನೆಗೆ ಬಂದಳು. ಮೆಟ್ಟಿಲ ಅರ್ಧದಲ್ಲೇ ಅವಳ ಮೂಗಿಗೆ ವಾಸನೆ ಬಡಿಯಿತು, ಕೊಳೆತ ಹಣ್ಣಿನಂಥ ಸಿಹಿ ವಾಸನೆ. ಮನೆಯೊಳಗಿದ್ದವರಿಗೆ ಅದು ಅಭ್ಯಾಸವಾಗಿತ್ತು. ಅವಳು ಚಪ್ಪಲಿಯನ್ನೂ ಬಿಡದೆ ಒಳಗೆ ಹೋಗಿ ಪಟ್ಟಿ ಬಿಚ್ಚಿದಳು. ಪಟ್ಟಿ ಹಸಿರಾಗಿತ್ತು. ಹಿಮ್ಮಡಿಯಷ್ಟೇ ಅಲ್ಲ, ಪಾದದ ಗಂಟೂ ಊದಿ ಹೊಳೆಯುತ್ತಿತ್ತು, ಅದರಿಂದ ಮೇಲಕ್ಕೆ ಕೆಂಪು ಗೆರೆಯೊಂದು ಹತ್ತಿತ್ತು. ಗಂಡ ಅವಳನ್ನು ಗುರುತು ಹಿಡಿಯದವನಂತೆ ನೋಡಿದ.

"ಮಾವ, ಆಟೋ ಕರೀರಿ."

"ನಾಡಿದ್ದು ಹೇಗೂ ಹೋಗೋದಿದೆಯಲ್ಲಮ್ಮ, ಇನ್ನೇನು..."

"ಮಾವ!"

ಅವಳು ಆ ದನಿಯಲ್ಲಿ ಅವರನ್ನು ಎಂದೂ ಕರೆದಿರಲಿಲ್ಲ.

ಮಗನನ್ನು ಒಳಗೆ ತೆಗೆದುಕೊಂಡು ಹೋದರು. ಒಂದು ಗಂಟೆಯ ಮೇಲೆ ಡಾಕ್ಟರಮ್ಮ ಮೂವರನ್ನೂ ಪುಟ್ಟ ಕೋಣೆಗೆ ಕರೆದಳು. ಮೂರು ಜನಕ್ಕೆ ಎರಡೇ ಕುರ್ಚಿ. ಹೆಂಗಸರು ಕೂತರು, ಕಂಡಕ್ಟರು ಬಾಗಿಲಿಗೆ ಬೆನ್ನು ಕೊಟ್ಟು ನಿಂತರು. ಅವಳ ಮುಂದೆ ಪರೀಕ್ಷೆಯ ವರದಿ ಇತ್ತು.

"ಮೊದಲ ಸಲ ಕೀವು ತೆಗೆದಾಗ ಈ ಮಾತ್ರೆಗೆ ಬ್ಯಾಕ್ಟೀರಿಯಾ ಸಾಯ್ತಿತ್ತು. ಈಗ ಸಾಯ್ತಿಲ್ಲ. ಮೂರು ನಾಲ್ಕು ವಾರ ರಕ್ತದಲ್ಲಿ ಔಷಧಿ ಅರೆಬರೆ ಇದ್ರೆ ಹೀಗಾಗುತ್ತೆ. ಬಲವಿಲ್ಲದ್ದು ಸಾಯುತ್ತೆ, ಬಲವಾದದ್ದು ಉಳಿದು ಬೆಳೆಯುತ್ತೆ. ಒಂದೂ ತಪ್ಪಿಸಿಲ್ಲ ಅಂದ್ರಿ. ಹಾಗಾದ್ರೆ ಹೇಗೆ ಕೊಡ್ತಿದ್ರಿ? ಯಾವುದರ ಜೊತೆ?"

ಹೆಂಡತಿ ಸೆರಗು ಸರಿ ಮಾಡಿಕೊಂಡು ನೆಟ್ಟಗೆ ಕೂತಳು. ತನ್ನ ಕೆಲಸದ ಬಗ್ಗೆ ಯಾರೋ ಕೊನೆಗೂ ಕೇಳಿದರಲ್ಲ ಎನ್ನುವಂತೆ.

"ಬರೀ ಹೊಟ್ಟೆಗೆ ಕೊಡ್ತೀವಾ ಡಾಕ್ಟ್ರೇ? ನಾನೇ ಕೈಯಾರೆ ಕೊಟ್ಟಿದೀನಿ. ಗಟ್ಟಿ ಹಾಲು ಒಂದು ಲೋಟ. ಮಾತ್ರೆ ಕುಟ್ಟಿ ಅದಕ್ಕೆ ಹಾಕಿ, ಜೊತೆಗೆ ನನ್ನ ಮಂಡಿಗೆ ಅಂತ ಕೊಟ್ಟಿದ್ದ ಕ್ಯಾಲ್ಸಿಯಂ ಎರಡು, ಅದನ್ನೂ ಕುಟ್ಟಿ. ಅವನ ಮೂಳೆಗೆ ಆಗಲಿ ಅಂತ. ನಾನು ಒಂದು ದಿನವೂ ತಿಂದಿಲ್ಲ."

ಡಾಕ್ಟರಮ್ಮ ಪೆನ್ನು ಕೆಳಗಿಟ್ಟಳು. ದನಿ ಏರಿಸಲಿಲ್ಲ. "ಹಾಲಲ್ಲಿರೋದೂ ಕ್ಯಾಲ್ಸಿಯಮ್ಮೇ ಅಮ್ಮ. ಅದು ಈ ಮಾತ್ರೆಯನ್ನ ಹೊಟ್ಟೆಯಲ್ಲೇ ಗಟ್ಟಿಯಾಗಿ ಹಿಡ್ಕೊಂಡು ಬಿಡುತ್ತೆ. ಮಾತ್ರೆ ಹೊಟ್ಟೆಗೆ ಹೋಗುತ್ತೆ, ರಕ್ತಕ್ಕೆ ಹೋಗಲ್ಲ. ಅರ್ಧವೋ, ಅದಕ್ಕೂ ಕಮ್ಮಿಯೋ. ಇದೊಂದರಿಂದಲೇ ಹೀಗಾಯ್ತು ಅಂತ ನಾನು ಆಣೆ ಮಾಡಿ ಹೇಳೋಕಾಗಲ್ಲ. ಮೂಳೆ ಸೋಂಕು ಹಟಮಾರಿ. ಆದ್ರೆ ಔಷಧಿಗೆ ಕೆಲಸ ಮಾಡೋ ಅವಕಾಶವೇ ಸಿಗಲಿಲ್ಲ. ನಿಮಗೆ ಯಾರೂ ಹೇಳಲಿಲ್ವಾ?"

ಸೊಸೆ ತಿರುಗಿದಳು. ಒಂಬತ್ತು ತಿಂಗಳಲ್ಲಿ ಮೊದಲ ಸಲ ಅತ್ತೆಯ ಮುಖವನ್ನು ನೇರವಾಗಿ ನೋಡಿದಳು.

"ಹಾಲು ಬೇಡ ಅಂತ ಹೇಳಿ ಕಳಿಸಿದ್ದೆನಲ್ಲ ಅತ್ತೆ! ಮೊದಲನೇ ದಿನವೇ! ಹಾಲು ಬೇಡ, ಕ್ಯಾಲ್ಸಿಯಂ ಬೇಡ, ಹೆಸರು ಹಿಡಿದು ಹೇಳಿದ್ದೆ. ನನ್ನ ಮೇಲಿನ ಹಟಕ್ಕೆ ಅವರ ಕಾಲು..."

"ನೀನು ಹೇಳಿ ಕಳಿಸಿದ್ದಾ? ನನ್ನ ಹತ್ರ ಯಾರೇ ಹೇಳಿದ್ದು? ಒಂದು ಲೋಟ ಸಾಕು ಅಂದ್ರು, ಒಂದೇ ಲೋಟ ಕೊಟ್ಟೆ! ಎರಡು ಕೊಡೋಕೆ ಕೈ ಬಂದ್ರೂ ಕೊಡಲಿಲ್ಲ ಕಣೇ!"

"ಒಂದು ಲೋಟ ಅಂತ ಯಾರು ಹೇಳಿದ್ದು?"

ಇಬ್ಬರೂ ಒಟ್ಟಿಗೆ ಬಾಗಿಲ ಕಡೆ ತಿರುಗಿದರು.

ಹೇಳಲು ಕಂಡಕ್ಟರಿಗೆ ಎಷ್ಟೋ ಮಾತು ಇದ್ದವು. ಅವತ್ತು ನೀನು ಅವಳಿಗೆ ತಟ್ಟೆ ಮುಚ್ಚಿಟ್ಟಿದ್ದೆ. ಅವತ್ತು ಅವಳು ನಿನ್ನ ಪಾತ್ರೆ ತೊಳೆದಳು. ನಾನು ನಿಮ್ಮಿಬ್ಬರನ್ನೂ ಒಂದು ಮಾಡಲು ನೋಡಿದೆ. ಒಂದೊಂದೂ ನಿಜವೇ. ಅವನ್ನೆಲ್ಲ ಬದಿಗಿಟ್ಟರು.

"ನಾನು ಹೇಳಿದ್ದು," ಎಂದರು. "ಅವಳು ಸರಿಯಾಗಿಯೇ ಹೇಳಿದ್ಲು. ಆರು ಗಂಟೆ ಮುಂಚೆ, ಎರಡು ಗಂಟೆ ಆಮೇಲೆ. ನನಗೆ ಎಲ್ಲ ನೆನಪಿತ್ತು. ನಾನೇ ಮಾರ್ಪಾಟು ಮಾಡ್ದೆ."

ಹೆಂಡತಿ ಎದ್ದು ಬಂದು ಹೊಡೆಯುತ್ತಾಳೆ ಎಂದುಕೊಂಡರು. ಅವಳು ಏಳಲಿಲ್ಲ. ತನ್ನ ಎರಡೂ ಅಂಗೈಗಳನ್ನು ತೊಡೆಯ ಮೇಲೆ ಮೇಲ್ಮುಖವಾಗಿ ಇಟ್ಟುಕೊಂಡು, ಕುಟ್ಟಿ ಪುಡಿ ಮಾಡಿದ ಆ ಕೈಗಳನ್ನೇ ನೋಡುತ್ತಾ ಕೂತಳು. ಸೊಸೆ ತನ್ನ ಕುರ್ಚಿಯನ್ನು ಅತ್ತೆಯ ಕಡೆಗೆ ಎಳೆದುಕೊಂಡಳು. ಅಪ್ಪಿಕೊಳ್ಳಲಿಲ್ಲ, ಕೈ ಹಿಡಿಯಲಿಲ್ಲ. ಕುರ್ಚಿ ಎಳೆದುಕೊಂಡಳು, ಅಷ್ಟೇ.

ಡಾಕ್ಟರಮ್ಮ ಉಳಿದದ್ದನ್ನು ಹೇಳಿದಳು. ಸೋಂಕು ಪಾದದ ಗಂಟಿನ ಕೀಲಿಗೆ ಹೋಗಿದೆ, ರಕ್ತಕ್ಕೂ ಇಳಿಯುತ್ತಿದೆ. ಇನ್ನು ರಕ್ತನಾಳಕ್ಕೆ ಕೊಡುವ ಬೇರೆ ಔಷಧಿ, ಅದನ್ನು ಮೂತ್ರಪಿಂಡ ತಡೆದುಕೊಳ್ಳುತ್ತದೆಯೇ ಎಂದು ನೋಡುತ್ತಿರಬೇಕು. ಅದರ ಜೊತೆ ಕಾಲು. ಜೀವ ಉಳಿಯಬೇಕಾದರೆ ಮೊಣಕಾಲಿನ ಕೆಳಗೆ ತೆಗೆಯಬೇಕು, ಮೊಣಕಾಲನ್ನು ಉಳಿಸಲು ನೋಡುತ್ತಾರೆ. ನಾಳೆ ಬೆಳಿಗ್ಗೆ. "ಅವರಿಗೆ ಇನ್ನೂ ಹೇಳಿಲ್ಲ. ಈಗ ಎಚ್ಚರ ಇದೆ, ಮಾತು ತಿಳಿಯುತ್ತೆ. ನಾನು ಹೇಳಲಾ, ನಿಮ್ಮಲ್ಲಿ ಯಾರಾದ್ರೂ ಹೇಳ್ತೀರಾ?"

"ಇವರೇ ಹೇಳಲಿ," ಎಂದಳು ಹೆಂಡತಿ, ಕೈಗಳಿಂದ ಕಣ್ಣೆತ್ತದೆ. "ರೀ, ನೀವೇ ಹೋಗಿ ಹೇಳಿ."

ವಾರ್ಡಿನಲ್ಲಿ ಮಗನ ಮಂಚ ಕಿಟಕಿಯ ಪಕ್ಕದಲ್ಲಿತ್ತು. ಸಂಜೆಯ ಬಿಸಿಲು ಹೊದಿಕೆಯ ಮೇಲೆ ಬಿದ್ದಿತ್ತು. ಹೊದಿಕೆಯ ಕೆಳಗೆ ಎರಡು ಕಾಲು ಕಾಣುತ್ತಿದ್ದವು. ಕಂಡಕ್ಟರು ಸ್ಟೂಲ್ ಎಳೆದು ಕೂತರು.

"ಅಪ್ಪ, ಏನಂದ್ರು?"

"ಹ್ಞೂಂ."

"ನಂಗೆ ಮೆತ್ತಗೆ ಮಾಡಿ ಹೇಳ್ಬೇಡ ಅಪ್ಪ. ನಿನ್ನ ಮಗನೇ ನಾನು, ನಿನ್ನ ಮಾತಿನ ದಾರಿ ಗೊತ್ತು."

ಕಂಡಕ್ಟರು ಹೇಳಿದರು. ಮೊಣಕಾಲಿನ ಕೆಳಗೆ, ಎಡಗಾಲು, ನಾಳೆ ಬೆಳಿಗ್ಗೆ. ಹಾಲಿನ ವಿಷಯ ಹೇಳಿದರು. ಮೆಟ್ಟಿಲ ಬುಡದಲ್ಲಿ ಸೊಸೆ ಹೇಳಿದ್ದನ್ನು ಒಂದು ಅಕ್ಷರ ಬಿಡದೆ ಹೇಳಿದರು, ಮೇಲೆ ಬಂದು ತಾವು ಹೇಳಿದ್ದನ್ನೂ ಹೇಳಿದರು. ನಡುಕವನ್ನು ಬೆಚ್ಚಗೆ ಅಂದದ್ದನ್ನು ಹೇಳಬೇಕಾಗಿರಲಿಲ್ಲ, ಅದು ಅವನ ಎದುರೇ ನಡೆದದ್ದು. ಆದರೂ ಹೇಳಿದರು.

ಮಗ ಕಿಟಕಿಯ ಕಡೆ ಮುಖ ತಿರುಗಿಸಿದ. ಅವನು ದುಡಿಯುವ ಅಂಗಳದಲ್ಲಿ ಬೂಟನ್ನು ಜೋಡಿಯಾಗಿಯೇ ಹಾಕಿಕೊಳ್ಳಬೇಕು. ಪೆಟ್ಟಿಗೆ ಒಡೆಯುವ ಕೆಲಸ ಒಂದು ಕಾಲಿನಲ್ಲಿ ಆಗುವುದಲ್ಲ. ಇಬ್ಬರಿಗೂ ಅದು ಗೊತ್ತಿತ್ತು.

"ಅಮ್ಮಂಗೆ ಗೊತ್ತಾಯ್ತಾ? ಇವಳಿಗೆ?"

"ಇಬ್ಬರಿಗೂ. ಅವರ ಎದುರಿಗೇ ಹೇಳ್ದೆ."

"ಮಾತಾಡ್ತಿದಾರಾ?"

ಬಾಗಿಲು ಅರ್ಧ ತೆರೆದಿತ್ತು. ಆಚೆಯ ಬೆಂಚಿನಿಂದ ದನಿಗಳು ಬರುತ್ತಿದ್ದವು. "ಬೆಳಗ್ಗಿಂದ ಏನಾದ್ರೂ ತಿಂದ್ಯಾ?" ಎಂದು ಒಂದು. "ಇಲ್ಲ ಅತ್ತೆ," ಎಂದು ಇನ್ನೊಂದು. "ಕ್ಯಾಂಟೀನು ಕೆಳಗಿದೆಯಂತೆ. ಬ್ರೆಡ್ ತರ್ತೀನಿ. ನೀವು ಮೆಟ್ಟಿಲು ಇಳೀಬೇಡಿ, ಮಂಡಿ ನೋವು." ಆಮೇಲೆ ಚಪ್ಪಲಿಯ ಸದ್ದು. ಯಾರೂ ಕಂಡಕ್ಟರನ್ನು ಕರೆಯಲಿಲ್ಲ.

"ಮಾತಾಡ್ತಿದಾರೆ," ಎಂದರು ಕಂಡಕ್ಟರು.

ಮಗ ಕಣ್ಣು ಮುಚ್ಚಿದ. ಕಣ್ಣು ಮುಚ್ಚಿಕೊಂಡೇ ಕೇಳಿದ: "ನಾಳೆ ಎಷ್ಟು ಹೊತ್ತಾಗುತ್ತಂತೆ ಅಪ್ಪ?"

"ಇನ್ನೇನು..." ಎಂದು ಬಾಯಿಗೆ ಬಂದಿತ್ತು. ಕಂಡಕ್ಟರು ತುಟಿ ಕಚ್ಚಿ ನಿಲ್ಲಿಸಿದರು.

"ಎರಡೂವರೆ ಗಂಟೆ," ಎಂದರು. "ಒಳಗೆ ನೋಡಿದ ಮೇಲೆ, ಇನ್ನೂ ಮೇಲಕ್ಕೆ ತೆಗೀಬೇಕಾದ್ರೆ ಹೆಚ್ಚು ಹೊತ್ತು. ಮೊಣಕಾಲು ಉಳಿಯುತ್ತೆ ಅಂತ ಅವರು ಹೇಳಲಿಲ್ಲ. ಉಳಿಸೋಕೆ ನೋಡ್ತೀವಿ ಅಂದ್ರು."